ಗಿರಣಿಯ ಮೆಟ್ಟಿಲ ಪಕ್ಕದ ಶಾಸನ

ಹಾಲು ಕಾಯಿಸಿದೆ, ಯಜಮಾನರ ಷರ್ಟಿಗೆ ಗುಂಡಿ ಹೊಲಿದೆ, ಕೂಲರ್‌ಗೆ ನೀರು ತುಂಬಿಸಿದೆ, ರಾಗಿ ಆರಿಸಿ ಗಿರಣಿಗೆ ಒಯ್ದೆ. ಈ ಕೊನೆಯದು ಅರ್ಧ ಗಂಟೆಯ ಕೆಲಸ. ಇವತ್ತು ಮಧ್ಯಾಹ್ನವನ್ನೇ ನುಂಗಿತು. ಬಿಸಿ ಹಿಟ್ಟಿನ ವಾಸನೆ ಇನ್ನೂ ಸೆರಗಿನಲ್ಲಿದೆ. ಕೂತುಕೊಳ್ಳಿ, ಹೇಳುತ್ತೇನೆ.

ಉತ್ತರದ ಕಡೆಯ ಈ ಮಾನೇಸರಿನ ಹಳೇ ಬಜಾರಿನ ಆ ಎರಡಂತಸ್ತಿನ ಕಟ್ಟಡ ಮೊದಲು ಸಾಸಿವೆಯ ಗೋದಾಮಂತೆ. ಆಮೇಲೆ ಬಟ್ಟೆ ಅಂಗಡಿ, ಟೈಪಿಂಗ್ ಕ್ಲಾಸು, ಅದೇ ಮೇಷ್ಟ್ರ ಕಂಪ್ಯೂಟರ್ ಕ್ಲಾಸು. ಬೋರ್ಡು ಬದಲಾದಷ್ಟು ಸಲ ಸುಣ್ಣ ಕಂಡಿಲ್ಲ. ಕದಲದೆ ಉಳಿದದ್ದು ಕೆಳಗಿನ ರಾಮ್‌ಫಲ್‌ನ ಹಿಟ್ಟಿನ ಗಿರಣಿಯೊಂದೇ. ಫ್ಯಾಕ್ಟರಿ ಕೆಲಸಕ್ಕೆ ಬಂದ ನಾವು ಏಳೆಂಟು ಕನ್ನಡದ ಮನೆಯವರು ಮಂಗಳವಾರ ರಾಗಿಯನ್ನೆಲ್ಲ ಒಟ್ಟಿಗೇ ಒಯ್ಯುತ್ತಿದ್ದೆವು. ಕಲ್ಲಿಗೆ ಅಂಟಿದ ಗೋಧಿ ಹೋಗಲೆಂದು ರಾಮ್‌ಫಲ್ ಮೊದಲ ಹಿಡಿ ರಾಗಿ ಬೀಸಿ ಅದನ್ನು ಬೀದಿಯ ಹಸುವಿಗೆ ಹಾಕುತ್ತಿದ್ದ. “ಭಾಭೀಜಿ, ಇದನ್ನ ಮನುಷ್ಯರೂ ತಿಂತಾರಾ?” ಎಂದು ಅಂದು ಕೇಳಿದವನು, ಈಗ ಸಕ್ಕರೆ ಕಾಯಿಲೆಗೆಂದು ತಾನೇ ಅರ್ಧ ಕಿಲೋ ಕೇಳಿ ಇಟ್ಟುಕೊಳ್ಳುತ್ತಾನೆ.

ನಾವು ಬಂದ ಹೊಸದರಲ್ಲಿ ಭಾನುವಾರ ಮೇಲಿನ ಹಾಲ್‌ನಲ್ಲಿ ನಮ್ಮ ಭಜನೆ. ದೇವರಿಗಿಂತ ಉಪ್ಪಿಟ್ಟಿಗೆ ಭಕ್ತರು ಹೆಚ್ಚು. ಒಂದು ವಾರ ಯಜಮಾನರ ಹೊಸ ಚಪ್ಪಲಿ ಮಾಯವಾಯಿತು. ಮರುವಾರವೇ ಅವರು ಮೆಟ್ಟಿಲ ಪಕ್ಕದ ಗೋಡೆಗೆ ಕೆಮ್ಮಣ್ಣಿನ ಬಣ್ಣದ ದುಂಡು ಕನ್ನಡ ಅಕ್ಷರದಲ್ಲಿ ಬರೆದರು: “ಚಪ್ಪಲಿ ಹೊರಗೆ ಬಿಡಿ. ಕಳೆದರೆ ನಾವು ಜವಾಬ್ದಾರರಲ್ಲ.” ಕದ್ದವನಿಗೆ ಅದನ್ನು ಓದಲು ಬರುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಕ್ರಮೇಣ ಒಬ್ಬೊಬ್ಬರಿಗೇ ವರ್ಗವಾಗಿ ಭಜನೆ ನಿಂತಿತು. ಅಕ್ಷರ ಉಳಿಯಿತು.

ಇವತ್ತು ಹೋದರೆ ರಾಮ್‌ಫಲ್‌ನ ಮುಖ ಇಳಿದಿತ್ತು. ಕಟ್ಟಡ ಕೆಡವಿ ಜಿಮ್ ಮಾಡುತ್ತಾರಂತೆ. “ಈ ವಯಸ್ಸಲ್ಲಿ ಕಲ್ಲು ಹೊತ್ಕೊಂಡು ಎಲ್ಲಿಗೆ ಹೋಗಲಿ, ಭಾಭೀಜಿ?”

ಕಟ್ಟಡದ ಮಾಲೀಕರ ಆರ್ಕಿಟೆಕ್ಚರ್ ಓದಿದ ಮೊಮ್ಮಗಳು ಅಳತೆಪಟ್ಟಿ ಹಿಡಿದು ಆ ಗೋಡೆಯೆದುರು ಕಣ್ಣರಳಿಸಿ ನಿಂತಿದ್ದಳು.

“ಆಂಟಿ, ನೀವು ಸೌತ್‌ನವರಲ್ವಾ? ಇದು ಯಾವುದೋ ಪುರಾತನ ಲಿಪಿ. ಓದಿ ಪ್ಲೀಸ್! ಹಳೇದಾದ್ರೆ ಗೋಡೆ, ಗಿರಣಿ ಎರಡೂ ಇರಲಿ ಅಂತ ದಾದಾಜಿಗೆ ಹೇಳ್ತೀನಿ.”

ರಾಮ್‌ಫಲ್ ಗಿರಣಿ ನಿಲ್ಲಿಸಿದ. ನಾನು ಸೆರಗು ಸರಿಪಡಿಸಿಕೊಂಡು, ಪುರೋಹಿತರ ಗಾಂಭೀರ್ಯದಲ್ಲಿ ಹಿಂದಿಗೆ ಇಳಿಸಿದೆ: “ಒಳಗೆ ಬರುವವರು ಪಾದರಕ್ಷೆ ಕಳಚಿ ಬರತಕ್ಕದ್ದು.”

ಹುಡುಗಿ ಥಟ್ಟನೆ ಬೂಟು ಬಿಚ್ಚಿದಳು. “ಎರಡನೇ ಸಾಲು?”

“ಕಳೆದುಕೊಂಡದ್ದಕ್ಕೆ ಯಾರನ್ನೂ ದೂರಬೇಡ.”

“ವಾಹ್! ಎಷ್ಟು ಡೀಪ್! ಎಷ್ಟು ಹಳೇದಿರಬಹುದು?”

“ಈ ಊರಿಗೆ ಬಂದ ಹೊಸದರಿಂದ ನೋಡ್ತಿದ್ದೀನಮ್ಮ.” ಇದರಲ್ಲಿ ಸುಳ್ಳು ಯಾವುದು, ನೀವೇ ಹೇಳಿ.

ಅವಳು ಅಲ್ಲೇ ತಾತನಿಗೆ ಫೋನು ಹಚ್ಚಿದಳು. ಅವರು ಒಪ್ಪಿದರು: ಮುಂಭಾಗ ಮುಟ್ಟುವುದಿಲ್ಲ, ಗಿರಣಿ ಇರುತ್ತದೆ, ಗೋಡೆಗೆ ಗಾಜಿನ ಹೊದಿಕೆ. ಅವಳು ಹೋದ ಮೇಲೆ ರಾಮ್‌ಫಲ್ ನನ್ನ ಹಿಟ್ಟು ಕಟ್ಟುತ್ತಾ ಮೆಲ್ಲಗೆ ಹೇಳಿದ: “ಭಾಯಿಸಾಬ್ ಅದನ್ನ ಬರೆಯುವಾಗ ಏಣಿ ಹಿಡಿದಿದ್ದು ನಾನೇ, ಭಾಭೀಜಿ.”

ಮನೆಗೆ ಬಂದು ಯಜಮಾನರಿಗೆ ಹೇಳಿದೆ. “ಅಷ್ಟು ಡೀಪ್ ಅಂತ ಗೊತ್ತಿದ್ರೆ ಕೆಳಗೆ ಹೆಸರು ಹಾಕ್ತಿದ್ದೆ,” ಎಂದರು.

ಹೊಸ ಹಿಟ್ಟಿನ ಮುದ್ದೆ, ಬಸಳೆ ಸೊಪ್ಪಿನ ಸಾರು. ಶಾಸನಕಾರರು ಎರಡು ಮುದ್ದೆ ಉಂಡು ಮೊದಲು ಮಲಗಿದರು. ಇಷ್ಟು ವರ್ಷ ಬಾಗಿಲ ಹೊರಗೇ ಬಿದ್ದಿರುತ್ತಿದ್ದ ಅವರ ಚಪ್ಪಲಿಯನ್ನು ಕಳೆದರೆ ಯಾರನ್ನೂ ದೂರುವಂತಿಲ್ಲವಲ್ಲ ಎಂದು ಇವತ್ತು ಒಳಗೆ ತಂದಿಟ್ಟಿದ್ದೇನೆ. ಇನ್ನು ನಾನೂ ಮಲಗುತ್ತೇನೆ.