ಬ್ಲಾಗಿನಲ್ಲಿ ನಾನು ಮಾಡಿದ ಚಹಾ

ಈಗ ಸ್ವಲ್ಪ ಹೊತ್ತಿನ ಹಿಂದೆ ಪಕ್ಕದ ಮನೆಯಿಂದ ಯಾಲಕ್ಕಿ ಜಜ್ಜಿ ಹಾಕಿದ ಚಹಾದ ವಾಸನೆ ಬಂತು. ನೀವಾಗಿದ್ದರೆ ಒಂದು ಕಪ್ಪು ಸಿಗಬಾರದೇ ಅಂದುಕೊಳ್ಳುತ್ತಿದ್ದಿರಿ. ನನಗೆ ಮಾತ್ರ ಕಿವಿ ಬಿಸಿಯಾದವು. ಅರ್ಧ ತಲೆ ನರೆತವನಿಗೆ ಚಹಾದ ವಾಸನೆಗೆ ನಾಚಿಕೆಯಾಗುವುದೆಂದರೇನು ಎಂದು ನೀವು ನಗಬಹುದು. ನಗಿ, ಆದರೆ ಪೂರ್ತಿ ಕೇಳಿ ನಗಿ.

ನಾನೊಂದು ಬ್ಲಾಗು ಬರೆಯುತ್ತೇನೆ. ಈಗ ಬ್ಲಾಗು ಯಾರು ಓದುತ್ತಾರೆ, ಎಲ್ಲರೂ ರೀಲ್ಸ್ ನೋಡುತ್ತಾರೆ ಎಂದು ನಮ್ಮ ಕಚೇರಿಯ ಹುಡುಗರು ಅನ್ನುತ್ತಾರೆ. ಅನ್ನಲಿ. ಪತ್ರಿಕೆಗೆ ಕಳಿಸಿದರೆ ಸಂಪಾದಕರು ಕತ್ತರಿ ಹಿಡಿದು ಕೂತಿರುತ್ತಾರೆ. ಇಲ್ಲಿ ನಾನೇ ಲೇಖಕ, ನಾನೇ ಸಂಪಾದಕ, ನಾಲ್ಕು ದಿನ ಯಾರೂ ಬಾರದಿದ್ದರೆ ನಾನೇ ಓದುಗ. ಬೆಂಗೇರಿಯಲ್ಲಿ ಕೂತ ಯಾರೋ “ಸರ್, ಕಣ್ಣು ತುಂಬಿ ಬಂತು” ಎಂದು ಬರೆದರೆ ಆ ದಿನ ಧಾರವಾಡದವರೆಗೆ ಬಸ್ಸಿನಲ್ಲಿ ನಿಂತು ಹೋದರೂ ಕಾಲು ನೋಯುವುದಿಲ್ಲ. ಇವೆಲ್ಲ ನಾನು ಜನರಿಗೆ ಹೇಳುವ ಕಾರಣಗಳು. ನಿಜವಾದ ಕಾರಣ ಬೇರೆ. ಬ್ಲಾಗಿನಲ್ಲಿ ನಾನು ಬಹಳ ಒಳ್ಳೆಯ ಮನುಷ್ಯ.

ಬ್ಲಾಗಿನ ಹೆಸರು ‘ನಮ್ಮಿಬ್ಬರ ಚಹಾ’. ಇಬ್ಬರೆಂದರೆ ನಾನು ಮತ್ತು ನನ್ನ ಹೆಂಡತಿ ಶಾಂತಾ. ಅದರಲ್ಲಿ ಬರುವ ಗಂಡ ಬೆಳಿಗ್ಗೆ ಹೆಂಡತಿಗಿಂತ ಮೊದಲು ಏಳುತ್ತಾನೆ, ಯಾಲಕ್ಕಿ ಜಜ್ಜಿ ಚಹಾ ಮಾಡಿ ಆಮೇಲೆ ಅವಳನ್ನು ಎಬ್ಬಿಸುತ್ತಾನೆ. ಭಾನುವಾರ ಸಂಜೆ ಉಣಕಲ್ ಕೆರೆಯ ದಂಡೆಗೆ ಕರೆದುಕೊಂಡು ಹೋಗಿ ಚುರುಮುರಿ ಕಲಸಿದ ಗಿರಮಿಟ್ ಕೊಡಿಸುತ್ತಾನೆ. ಅವಳು ಹೇಳುವ ತವರುಮನೆಯ ಸುದ್ದಿಯನ್ನು ಮೊದಲ ಸಲ ಕೇಳುವವನ ಹಾಗೆ ಕೇಳುತ್ತಾನೆ. ಅವನನ್ನು ಬರೆಯುವಾಗ ನನಗೇ ಅವನ ಮೇಲೆ ಪ್ರೀತಿ ಉಕ್ಕುತ್ತಿತ್ತು. ಒಮ್ಮೆ ಅವನ ಚಹಾದ ಬಗ್ಗೆ ಬರೆಯುತ್ತಿದ್ದಾಗಲೇ ಅಡುಗೆಮನೆಯ ಕಡೆ ತಿರುಗಿ, “ಒಂದು ಚಾಕ್ಕ ಎಷ್ಟೊತ್ತ?” ಎಂದು ಕೂಗಿದ್ದೂ ಉಂಟು. ಶಾಂತಾ ಕಪ್ಪು ತಂದಿಟ್ಟು, ಕಂಪ್ಯೂಟರಿನ ಕಡೆ ಒಂದು ಸಲ ನೋಡಿ ಒಳಗೆ ಹೋದಳು. ಅವಳು ನನ್ನ ಬ್ಲಾಗು ಓದುವುದಿಲ್ಲವೆಂದೇ ನಾನು ನಂಬಿದ್ದೆ. ಓದಿದ್ದರೆ ಏನಾದರೂ ಅನ್ನುತ್ತಿದ್ದಳಲ್ಲ ಎಂದು ನನ್ನ ಲೆಕ್ಕ.

ಪೂರ್ತಿ ಸುಳ್ಳು ಬರೆದೆನೆಂದೂ ಅಲ್ಲ, ನೋಡಿ. ಮದುವೆಯಾದ ಹೊಸದರಲ್ಲಿ ಅವಳಿಗೆ ಜ್ವರ ಬಂದಾಗ ಒಂದು ಸಲ ಚಹಾ ಮಾಡಿಕೊಟ್ಟಿದ್ದೆ. ಒಂದು ಹಿಡಿ ಹಿಟ್ಟಿನಲ್ಲಿ ಊರಿಗೆಲ್ಲ ರೊಟ್ಟಿ ಬಡಿದ ಹಾಗೆ, ಆ ಒಂದೇ ಚಹಾದ ಮೇಲೆ ವರ್ಷಗಟ್ಟಲೆ ಬ್ಲಾಗು ನಡೆಸಿದೆ.

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಭಾನುವಾರ ನವನಗರದ ನಮ್ಮ ಮನೆಯ ಗೇಟಿನ ಮುಂದೆ ಒಂದು ಬೈಕು ನಿಂತಿತು. ಧಾರವಾಡದ ಹತ್ತಿರದ ಅಮ್ಮಿನಬಾವಿ ಹಳ್ಳಿಯ ಸವಿತಾ. ನಾನು ಏನು ಬರೆದರೂ ಕೆಳಗೆ ನಾಲ್ಕು ಸಾಲು ಬರೆಯುವ ಹುಡುಗಿ. ಹೊಸದಾಗಿ ಮದುವೆಯಾಗಿತ್ತು. ಹೊಗಳಿಕೆಗೆ ಉಬ್ಬಿ ನಾನೇ ವಿಳಾಸ ಕೊಟ್ಟು “ಒಮ್ಮೆ ಬನ್ನಿ” ಎಂದಿದ್ದೆ. ಖರೇನೇ ಬಂದುಬಿಡುತ್ತಾಳೆಂದು ಯಾರು ಎಣಿಸಿದ್ದರು! ಹಿಂದೆ ಅವಳ ಗಂಡ ಬಸವರಾಜ, ಹೊಲದಿಂದ ಕಿತ್ತುತಂದ ಹಸಿ ಕಡಲೆಗಿಡ ಹಿಡಿದು ನಿಂತಿದ್ದ.

“ಅಕ್ಕಾರ, ನಾ ನಿಮ್ಮನ್ನ ನೋಡಾಕ ಬಂದೇನ್ರಿ,” ಎಂದು ಸವಿತಾ ಶಾಂತಾಳ ಕೈ ಹಿಡಿದುಕೊಂಡಳು. “ಅಣ್ಣಾರು ಬರದದ್ದನ್ನ ದಿನಾ ಇವರಿಗೆ ಓದಿ ಹೇಳ್ತೇನಿ. ಇವರು ನಂಬೂದ ಇಲ್ರಿ.”

ಬಸವರಾಜ ನಾಚಿಕೊಂಡ. “ಬರಿಯೋರು ಏನರ ಬರೀತಾರ, ಎಲ್ಲಾ ಖರೇ ಇರತೈತೇನ ಅಂದಿದ್ದೆ, ಅಷ್ಟರೀ.”

“ಅದಕ್ಕ ಕರ್ಕೊಂಡ ಬಂದೇನಿ. ನೀವ ಹೇಳ್ರಿ ಅಕ್ಕಾರ, ಅಣ್ಣಾರು ದಿನಾ ಚಾ ಮಾಡಿ ಕೊಡ್ತಾರ, ಹೌದಲ್ರಿ?”

ಶಾಂತಾ ನನ್ನ ಮುಖ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅವಳು ಒಂದು “ಇಲ್ಲ” ಅಂದಿದ್ದರೆ ನನ್ನ ಮಾನ ಅಮ್ಮಿನಬಾವಿಯವರೆಗೂ ಹರಾಜಾಗುತ್ತಿತ್ತು.

“ಹೂನವಾ,” ಅಂದಳು ಶಾಂತಾ. “ಯಾಲಕ್ಕಿ ಜಜ್ಜಿ ಹಾಕ್ತಾರ. ಕೆರಿ ದಂಡಿಗೆ ಹೋದಾಗ ಗಿರಮಿಟ್‌ನ್ಯಾಗಿನ ಹಸಿ ಉಳ್ಳಾಗಡ್ಡಿ ನಾ ಆರಿಸಿ ಇಡ್ತೇನಿ, ಅವನ್ನ ಇವರು ತಿಂತಾರ.”

ಈರುಳ್ಳಿಯ ಮಾತು ಕೇಳಿ ನಾನು ಕ್ಯಾಲೆಂಡರ್ ಬಿಟ್ಟು ಅವಳ ಕಡೆ ತಿರುಗಿದೆ. ಅದು ನಾನು ಹಿಂದೆ ಯಾವಾಗಲೋ ಕಟ್ಟಿ ಬರೆದದ್ದು. ನಾವಿಬ್ಬರೂ ಕೆರೆಯ ದಂಡೆಯಲ್ಲಿ ಗಿರಮಿಟ್ ತಿಂದವರೇ ಅಲ್ಲ.

“ಹಂಗಾರ ಅಣ್ಣಾರ ಕೈ ಚಾ ಕುಡದ ಹೋಗೂದು,” ಎಂದು ಸವಿತಾ ಚಪ್ಪಾಳೆ ತಟ್ಟಿದಳು.

ಅಡುಗೆಮನೆಗೆ ಹೋದೆ. ನನ್ನದೇ ಮನೆ, ನನ್ನದೇ ಅಡುಗೆಮನೆ. ಚಹಾಪುಡಿ ಎಲ್ಲಿದೆಯೆಂದು ಗೊತ್ತಿಲ್ಲ. ಒಂದು ಡಬ್ಬಿ ತೆಗೆದರೆ ಸಾಸಿವೆ, ಇನ್ನೊಂದರಲ್ಲಿ ಶೇಂಗಾ ಪುಡಿ, ಮತ್ತೊಂದರಲ್ಲಿ ರವೆ. ಮುಚ್ಚಳಗಳ ಸದ್ದು ಹೊರಗೆ ಕೇಳಿಸಿರಬೇಕು. ಪಡಸಾಲೆಯಿಂದ ಶಾಂತಾಳ ದನಿ ಬಂತು: “ಏನ್ರೀ, ನಿನ್ನಿ ನಾನ ಡಬ್ಬಿ ಎಲ್ಲಾ ಬದಲಿ ಮಾಡಿ ಇಟ್ಟೇನಿ ನೋಡ್ರಿ. ಚಾಪುಡಿ ಮ್ಯಾಲಿನ ಸಾಲಿನ್ಯಾಗ ಐತಿ, ಹಸರ ಡಬ್ಬಿ. ಸಕ್ಕರಿ ಅದರ ಬಾಜೂಕ.”

ಅವಳು ಯಾವ ಡಬ್ಬಿಯನ್ನೂ ಬದಲಿ ಮಾಡಿರಲಿಲ್ಲ. ಡಬ್ಬಿಗಳ ಬುಡಕ್ಕೆ ಅಂಟಿದ ಹಳೆಯ ಜಿಡ್ಡೇ ಅದನ್ನು ಹೇಳುತ್ತಿತ್ತು. ಹಸಿರು ಡಬ್ಬಿ ಕೈಯಲ್ಲಿ ಹಿಡಿದು, ಹಿತ್ತಲ ಬಾಗಿಲಿಂದ ಓಡಿಹೋಗಲೇ ಎಂದು ಯೋಚಿಸಿದೆ. ಎಷ್ಟೋ ಸಲ ಎಷ್ಟೋ ಜನರ ಮುಂದೆ ನಾಚಿದ್ದೇನೆ, ಆದರೆ ನನ್ನನ್ನು ಕಾಪಾಡಿದವರ ಮುಂದೆ ಅಷ್ಟು ನಾಚಿದ್ದು ಅದೇ ಮೊದಲು.

ಚಹಾ ಹೇಗಾಗಿತ್ತೆಂದು ಕೇಳಬೇಡಿ. ಬಸವರಾಜ ಒಂದು ಗುಟುಕು ಕುಡಿದು “ಛಲೋ ಆಗೇತ್ರಿ” ಅಂದ. ಪಾಪ, ಸಭ್ಯ ಹುಡುಗ. ಸವಿತಾ ಅವನ ಕಡೆ ಗೆದ್ದವಳಂತೆ ನೋಡಿದಳು. ಶಾಂತಾ ಮಾತ್ರ ನಿಧಾನವಾಗಿ ಕುಡಿದು ಕಪ್ಪು ಬರಿದು ಮಾಡಿದಳು.

ಅವರು ಹೋದ ಮೇಲೆ ಅವಳು ಕಡಲೆಗಿಡ ಬಿಡಿಸುತ್ತ ಕೂತಳು. ನಾನೂ ಹೋಗಿ ಎದುರಿಗೆ ಕೂತೆ.

“ನೀ ಎಲ್ಲಾ ಓದೀಯೇನು?”

“ಒಂದೂ ಬಿಟ್ಟಿಲ್ಲ.”

“ಮತ್ತ ಯಾಕ ಒಂದ ಮಾತೂ ಅನ್ನಲಿಲ್ಲ?”

“ಏನಂತ ಅನ್ಲಿ? ಓದೂಮುಂದ ಆಕೀನ ಕಂಡ್ರ ಒಂದೀಟು ಹೊಟ್ಟಿಕಿಚ್ಚ ಆಕ್ಕಿತ್ತು.”

“ಯಾಕೀನ?”

“ನಿಮ್ಮ ಬ್ಲಾಗಿನ್ಯಾಗಿನ ಹೆಂಡ್ತೀನ.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನಾನೂ ತಿರುಗಿ ಸಿಟ್ಟಾಗಿ ಹೇಗೋ ಪಾರಾಗುತ್ತಿದ್ದೆ. ಅವಳು ಕಾಯಿ ಬಿಡಿಸುತ್ತಲೇ ಇದ್ದಳು.

ಕೆಲವು ವಾರ ಕಳೆದು ಬ್ಲಾಗಿನಲ್ಲಿ ಸವಿತಾ ಬರೆದಳು: “ಅಣ್ಣಾರ, ಈಗ ನಮ್ಮ ಮನ್ಯಾಗೂ ಇವರು ಚಾ ಮಾಡ್ತಾರ್ರಿ. ಎಲ್ಲಾ ನಿಮ್ಮ ಪುಣ್ಯಾ.” ಅದನ್ನು ಓದಿದಾಗ ನನ್ನ ಕೈಯಲ್ಲಿದ್ದದ್ದು ಶಾಂತಾ ಮಾಡಿಕೊಟ್ಟ ಚಹಾ. ನನ್ನ ಸುಳ್ಳನ್ನು ನಂಬಿದ ಹುಡುಗ ಅದನ್ನು ನಿಜ ಮಾಡಿ ತೋರಿಸಿದ್ದ, ನಾನು ಕೂತಲ್ಲೇ ಕೂತಿದ್ದೆ. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಬ್ಲಾಗನ್ನೇ ಅಳಿಸಿಬಿಡುತ್ತೇನೆಂದು ಶಾಂತಾಳಿಗೆ ಹೇಳಿದೆ.

“ಅಳಸಬ್ಯಾಡ್ರಿ,” ಅಂದಳು. “ಅಳಸಿದ್ರ ಆ ಮನಶ್ಯಾನ ನಾ ಮತ್ತೆಲ್ಲಿ ಹೋಗಿ ನೋಡ್ಲಿ?”

ಅಳಿಸಲೆಂದು ತೆರೆದಿದ್ದ ಪುಟವನ್ನು ಮುಚ್ಚಿದೆ.

ಹಾಗಾಗಿ ಬ್ಲಾಗು ಉಳಿದಿದೆ. ಬರೆಯುವ ಸುಖವೂ ಉಳಿದಿದೆ, ಅದನ್ನು ಬಿಡುವಷ್ಟು ದೊಡ್ಡ ಮನುಷ್ಯ ನಾನಲ್ಲ. ಆದರೆ ಈಗ ಏನೇ ಬರೆದರೂ ಮೊದಲು ಶಾಂತಾಳಿಗೆ ಓದಿ ಹೇಳುತ್ತೇನೆ. ನಡೆಯದ ಮಾತು ಬಂದಲ್ಲಿ ಅವಳು ಕನ್ನಡಕದ ಮೇಲಿಂದ ನನ್ನನ್ನು ನೋಡುತ್ತಾಳೆ. ಆಗ ನಾನು ಎದ್ದು ಹೋಗಿ ಬರೆದದ್ದನ್ನು ಮಾಡಿ ಬರಬೇಕು, ಇಲ್ಲವೇ ಆ ಸಾಲು ಅಳಿಸಬೇಕು.

ಹೆಚ್ಚಾಗಿ ಅಳಿಸುತ್ತೇನೆ.