ನೀರು ಬೇಡದ ಗಿಡ

ಬೆಳಿಗ್ಗೆ ಅಂಗಳ ಗುಡಿಸುವಾಗ ಪೊರಕೆ ತುದಿಗೆ ಒಂದು ಎಲೆ ಸಿಕ್ಕಿತು. ಎಲೆ ಎಂದರೆ ನೀವು ಅಂದುಕೊಳ್ಳುವ ತೆಳ್ಳನೆಯ ಎಲೆಯಲ್ಲ. ಹುಣಿಸೆ ಬೀಜದಷ್ಟು ದಪ್ಪ, ನೇರಳೆ ಹಣ್ಣಿನ ಬಣ್ಣ. ಚೆನ್ನಾಗಿದ್ದಾಗ ಒತ್ತಿದರೆ ನೀರು ಜಿನುಗುತ್ತದೆ. ಇದು ಮಾತ್ರ ಸುಕ್ಕುಗಟ್ಟಿತ್ತು. ದಾಸವಾಳದ ತರಗೆಲೆ ಜೊತೆ ಮೊರಕ್ಕೆ ತಳ್ಳಿ ಸುಮ್ಮನಾಗಬಹುದಿತ್ತು. ಆದರೆ ಬಗ್ಗಿ ಎತ್ತಿಕೊಂಡೆ. ಸೊಂಟ ನೋವಿನವಳು ಅಷ್ಟು ಕಷ್ಟಪಟ್ಟು ಬಗ್ಗಿದ್ದು ದಂಡವಾಗಬಾರದಲ್ಲ, ಅದಕ್ಕೇ ನಿಮ್ಮನ್ನು ಕೂರಿಸಿಕೊಂಡು ಹೇಳುತ್ತಿದ್ದೇನೆ.

ನಮ್ಮ ಕಾಂಪೌಂಡಿನ ಉದ್ದಕ್ಕೂ ಒಂದು ಪಾತಿ ಇದೆ. ದಾಸವಾಳ, ನಂದಿಬಟ್ಟಲು, ಸುಗಂಧರಾಜ, ಎಲ್ಲ ವರ್ಷಗಟ್ಟಲೆ ಇದ್ದು ಮನೆಯವರೇ ಆಗಿಬಿಟ್ಟ ಗಿಡಗಳು. ನಲ್ಲಿಯಲ್ಲಿ ನೀರು ಬಂದ ದಿನ ಅವುಗಳಿಗೂ ಹಬ್ಬ. ಆ ಸಾಲಿನ ಕೊನೆಗೆ, ಬಿಸಿಲು ಸುಡುವ ಮೂಲೆಯಲ್ಲಿ, ಸೀಡಮ್ ಅನ್ನುವ ಈ ಕಪ್ಪೆಲೆಯ ಗಿಡದ ಕುಂಡ. ಅದು ನಮ್ಮಣ್ಣ ತಂದದ್ದು.

ಅಣ್ಣ ಗುಬ್ಬಿಯಲ್ಲಿ ಪಂಚರ್ ಅಂಗಡಿ ಇಟ್ಟಿದ್ದ. ಮದುವೆ ಆಗಿರಲಿಲ್ಲ. ಅವನು ನೀರು ಕುಡಿಯುವುದನ್ನು ನೀವು ನೋಡಬೇಕಿತ್ತು. ಹಿತ್ತಾಳೆ ಚೊಂಬನ್ನು ಮೊಳದೆತ್ತರಕ್ಕೆ ಹಿಡಿದು, ಕಣ್ಣು ಮುಚ್ಚಿ, ಧಾರೆಯನ್ನು ನೇರ ಗಂಟಲಿಗೆ ಇಳಿಸುತ್ತಿದ್ದ. ತುಟಿಗೆ ತಾಕಿಸುತ್ತಿರಲಿಲ್ಲ, ನಡುವೆ ಉಸಿರು ಬಿಡುತ್ತಿರಲಿಲ್ಲ. ಚಿಕ್ಕವಳಿದ್ದಾಗ ನಾನೂ ಹಾಗೆ ಮಾಡಲು ಹೋಗಿ ಲಂಗ ಪೂರ್ತಿ ನೆನೆಸಿಕೊಂಡು ಅವ್ವನ ಕೈಲಿ ಬೈಸಿಕೊಂಡಿದ್ದೆ. ಈಗಲೂ ನನಗೆ ಲೋಟ ಕಚ್ಚಿಯೇ ಕುಡಿದು ಅಭ್ಯಾಸ.

ಅಂಥವನ ಎರಡು ಕಿಡ್ನಿಯೂ ಕೆಟ್ಟವು. ಡಯಾಲಿಸಿಸ್‌ಗೆ ಹತ್ತಿರವಾಗಲಿ ಎಂದು ತುಮಕೂರಿನ ನಮ್ಮ ಮನೆಗೆ ಬಂದ. ದಿನಕ್ಕೆ ಅರ್ಧ ಲೀಟರ್ ನೀರು, ಕಾಫಿ, ಸಾರು, ಮಜ್ಜಿಗೆ ಎಲ್ಲ ಅದರೊಳಗೇ ಎಂದರು ಡಾಕ್ಟರು. ಹಾಗೆನ್ನುವಾಗ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಅವತ್ತಿನಿಂದ ನಾನು ಕಾವಲುಗಾತಿ. ಬೆಳಿಗ್ಗೆ ಅರ್ಧ ಲೀಟರಿನ ಬಾಟಲಿ ತುಂಬಿ, ಅದರಿಂದಲೇ ಕಾಫಿಗೆ ಬಗ್ಗಿಸಿಕೊಂಡು, ಉಳಿದದ್ದನ್ನು ಅವನ ಕೈಗೆ ಕೊಡುತ್ತಿದ್ದೆ. ಹಿತ್ತಾಳೆ ಚೊಂಬನ್ನು ಅಟ್ಟಕ್ಕೆ ಹಾಕಿದೆ. ನಾವೆಲ್ಲ ಅಡುಗೆಮನೆ ಬಾಗಿಲ ಹಿಂದೆ ನಿಂತು, ಕಳ್ಳರ ಹಾಗೆ ನೀರು ಕುಡಿದು ಬಾಯಿ ಒರೆಸಿಕೊಂಡು ಬರುತ್ತಿದ್ದೆವು.

ಮನೆಗೆ ಬಂದವರಿಗೆ ನೀರು ಕೊಡುವುದನ್ನೂ ನಿಲ್ಲಿಸಿದೆ. ಅವನ ಕಣ್ಣೆದುರು ಹೇಗೆ ಕೊಡಲಿ? ಒಂದು ಬೇಸಿಗೆ ಮಧ್ಯಾಹ್ನ ಚೇಳೂರಿಂದ ಸೋದರತ್ತೆ ಬಂದರು. ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದ ಮುದುಕಿ. ಕೂತರು, ಸೆರಗಿನಲ್ಲಿ ಗಾಳಿ ಹಾಕಿಕೊಂಡರು, ನನ್ನ ಕೈ ನೋಡಿದರು. ಕೊನೆಗೆ ಕೇಳಿಯೇಬಿಟ್ಟರು.

"ಏನೇ, ಟೌನು ಸೇರಿದ ಮೇಲೆ ಬಂದೋರಿಗೆ ಒಂದು ಲೋಟ ನೀರು ಕೊಡೋದೂ ಮರ್ತೋಯ್ತಾ?"

ನಾನು ಒಳಗೆ ಬನ್ನಿ ಎಂದು ಕಣ್ಸನ್ನೆ ಮಾಡಿದೆ. ಅಷ್ಟರಲ್ಲಿ ಅಣ್ಣ ಮಂಚದಿಂದ, "ಇಲ್ಲೇ ತಂದ್ಕೊಡೇ. ಅತ್ತೆ ಕುಡೀಲಿ, ನಾನು ನೋಡ್ತೀನಿ" ಅಂದ.

ಅತ್ತೆ ಕುಡಿಯುವಷ್ಟು ಹೊತ್ತೂ ಅವರ ಗಂಟಲನ್ನೇ ನೋಡಿದ. ಅವರು ಅರ್ಧಕ್ಕೆ ನಿಲ್ಲಿಸಿದರೆ, "ಪೂರ್ತಿ ಕುಡಿ ಅತ್ತೆ, ಯಾಕಂಗೆ ಅರ್ಧ ಬುಡ್ತೀಯಾ" ಎಂದು ಗದರಿದ. ಅತ್ತೆಗೆ ಆಮೇಲೆ ನೀರು ಇಳಿಯಲಿಲ್ಲ.

ಕುಣಿಗಲ್ ಕಡೆ ಯಾರೋ ನಾಟಿ ಔಷಧಿ ಕೊಡುತ್ತಾರೆಂದು ಕೇಳಿ ಒಮ್ಮೆ ಕರೆದುಕೊಂಡು ಹೋಗಿದ್ದೆ. ಆ ವಯಸ್ಸಾದವರು ಅಣ್ಣನ ಊದಿದ ಕಾಲನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, ಬಿದ್ದ ಗುಳಿ ಮೇಲೇಳುವುದನ್ನು ಕಾದು, "ಇದು ನನ್ನ ಕೈಲಾಗೋ ಕೆಲ್ಸ ಅಲ್ಲ ಕಣವ್ವ, ಸುಳ್ಳು ಹೇಳಾಕಿಲ್ಲ" ಎಂದು ಕೈಮುಗಿದು ಕಳಿಸಿದರು. ವಾಪಸ್ಸು ಬರುವಾಗ ದಾರಿಯಲ್ಲೊಂದು ನರ್ಸರಿ ಕಂಡು ಅಣ್ಣ ಆಟೋ ನಿಲ್ಲಿಸಿದ. ಸುಮ್ಮನೆ ಮನೆಗೆ ಹೋಗುವುದು ಅವನಿಗೂ ಬೇಕಿರಲಿಲ್ಲವೇನೋ. ಅಲ್ಲಿ ಈ ಗಿಡವಿತ್ತು. ನರ್ಸರಿಯವನು ಹೇಳಿದ:

"ಬಿಸಿಲಲ್ಲಿಟ್ರೆ ಕಪ್ಪಗಿರುತ್ತೆ, ನೆರಳಿಗಿಟ್ರೆ ಹಸಿರಾಗೋಗುತ್ತೆ. ನೀರು ಮಾತ್ರ ಕೊಡ್ಬೇಡಿ ಅಕ್ಕ. ಜನ ಪ್ರೀತಿ ಮಾಡಿ ಮಾಡಿ ಕೊಳೆಸ್ತಾರೆ."

ಅಣ್ಣನಿಗೆ ನಗು ಬಂತು. ಡಯಾಲಿಸಿಸ್ ಶುರುವಾದ ಮೇಲೆ ಅವನ ಮೈಯೂ ಕಪ್ಪಿಟ್ಟಿತ್ತು. "ನನ್ನಂಗೇ ಕಪ್ಪಗೈತೆ, ನನ್ನಂಗೇ ನೀರು ಕೊಡಬ್ಯಾಡಿ ಅಂತವ್ರೆ. ತಗೋಳೇ, ಜೊತೆಗಿರ್ಲಿ."

ಇಟ್ಟಿಗೆ ಪುಡಿ, ದಪ್ಪ ಮರಳು ಬೆರೆಸಿ, ನೀರು ನಿಲ್ಲದ ಹಾಗೆ ಕುಂಡ ತುಂಬಿ ನೆಟ್ಟೆ. ಎರಡು ತಿಂಗಳು ಗಿಡ ಚೆನ್ನಾಗಿಯೇ ಇತ್ತು. ಆಮೇಲೆ ಒಂದು ದಿನ ಬುಡ ಮೆತ್ತಗಾಗಿತ್ತು. ಮಳೆ ಬಂದಿರಲಿಲ್ಲ, ನಾನು ನೀರು ಹಾಕಿರಲಿಲ್ಲ. ಸಂಜೆ ಕಿಟಕಿಯಿಂದ ನೋಡಿದೆ. ಅಣ್ಣ ಗೋಡೆ ಹಿಡಿದುಕೊಂಡು ಅಲ್ಲಿಯವರೆಗೆ ನಡೆದು ಹೋಗಿ, ತನ್ನ ಬಾಟಲಿಯಲ್ಲಿ ಉಳಿಸಿಕೊಂಡಿದ್ದ ನೀರನ್ನು ಕುಂಡಕ್ಕೆ ಬಗ್ಗಿಸಿ, ಕಿವಿ ಹತ್ತಿರ ಇಟ್ಟು ಕೂತಿದ್ದ. ಒಣಗಿದ ಮಣ್ಣಿಗೆ ನೀರು ಬಿದ್ದರೆ ಒಳಗಿನ ಗಾಳಿ ಗುಳುಗುಳು ಎಂದು ಗುಳ್ಳೆಯಾಗಿ ಬರುತ್ತದಲ್ಲ, ಅದನ್ನು ಕೇಳುತ್ತಿದ್ದ. ಜೀವಮಾನವೆಲ್ಲ ಟ್ಯೂಬನ್ನು ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕಿದ ಮನುಷ್ಯ.

ನನ್ನನ್ನು ಕಂಡು, "ಕೇಳಿಲ್ಲಿ, ಹೆಂಗೆ ಕುಡೀತೈತೆ" ಅಂದ.

"ಕೊಳೆತೋಗುತ್ತೆ ಕಣೋ ಅಣ್ಣ."

"ಹೋದ್ರೆ ಹೋಗ್ಲಿ ಬುಡು. ಕುಡ್ದಾದ್ರೂ ಹೋಗ್ತೈತೆ."

ಆ ಗಿಡ ಹೋಯಿತು. ಕೊಳೆಯದೆ ಉಳಿದಿದ್ದ ಒಂದು ತುದಿಯನ್ನು ಕತ್ತರಿಸಿ, ಗಾಯ ಒಣಗುವ ತನಕ ನೆರಳಲ್ಲಿಟ್ಟು, ಬೇರೆ ಕುಂಡಕ್ಕೆ ಚುಚ್ಚಿದೆ. ಅದು ಹಿಡಿಯಿತು.

ಅಣ್ಣನಿಗೆ ಆ ಪುಣ್ಯ ಇರಲಿಲ್ಲ. ಡಯಾಲಿಸಿಸ್ಸನ್ನು ಅವನ ಹೃದಯ ತಡೆಯುವುದಿಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. "ಮನೆಗೆ ಕರ್ಕೊಂಡ್ಹೋಗಿ. ಇನ್ನು ಏನು ಕೇಳ್ತಾರೋ ಕೊಡಿ."

ಆಟೋದಲ್ಲಿ ಅಣ್ಣ ಕೇಳಿದ. "ಏನಂದ್ರು?"

"ನೀರು ಎಷ್ಟು ಬೇಕಾದ್ರೂ ಕುಡೀಬೋದಂತೆ ಕಣೋ."

ಅವನು ರಸ್ತೆ ನೋಡಿದ. "ಹಂಗಾರೆ ಮುಗೀತು ಅನ್ನು."

ಅಟ್ಟದಿಂದ ಚೊಂಬು ಇಳಿಸಿ, ಹುಣಿಸೆಹಣ್ಣು ಹಚ್ಚಿ ತಿಕ್ಕಿ, ತುಂಬ ನೀರು ತಂದೆ. ಅವನ ಕೈಗೆ ಅದನ್ನು ಎತ್ತುವ ಶಕ್ತಿ ಇರಲಿಲ್ಲ. ಚಮಚದಲ್ಲಿ ಬಿಟ್ಟೆ. ಮೊದಲನೆಯದು ಇಳಿಯಿತು. ಎರಡನೆಯದು ಕೆನ್ನೆ ಮೇಲೆ ಹರಿದು ದಿಂಬಿಗೆ ಹೋಯಿತು. "ಸಾಕು ಕಣೇ. ಉಳಿದಿದ್ದು ಅದಕ್ಕೆ ಹಾಕು" ಅಂದ. ಯಾವುದಕ್ಕೆ ಎಂದು ನಾನು ಕೇಳಬೇಕಾಗಿರಲಿಲ್ಲ. ಬೆಳಗಾಗುವಷ್ಟರಲ್ಲಿ ಅವನಿರಲಿಲ್ಲ.

ನಾನು ಹಾಕಲಿಲ್ಲ. ಗಿಡ ಕೊಳೆಯುತ್ತದೆ ಎಂದೇ ಹಾಕಲಿಲ್ಲ. ಕಾವಲುಗಾತಿಯ ಬುದ್ಧಿ, ಕಾಯಬೇಕಾದವನು ಹೋದರೂ ಬಿಡಲಿಲ್ಲ. ಚೊಂಬಿನ ನೀರನ್ನು ಬಚ್ಚಲಿಗೆ ಸುರಿದೆ. ಅಂದಿನಿಂದ ಆ ಗಿಡಕ್ಕೆ ಅಳತೆಯಲ್ಲೇ ಕೊಟ್ಟಿದ್ದೇನೆ, ಅದೂ ಕಪ್ಪಗೆ, ಅಚ್ಚುಕಟ್ಟಾಗಿ ಬದುಕಿದೆ. ಎದುರು ಮನೆಯವರು ನೋಡಿ, "ಎಷ್ಟು ಚೆನ್ನಾಗಿ ಸಾಕಿದ್ದೀರಿ, ನಮ್ಮದು ಉಳಿಯಲೇ ಇಲ್ಲ" ಎನ್ನುತ್ತಾರೆ. ಹೌದು, ನನಗೆ ಬರುವುದು ಅದೊಂದೇ ವಿದ್ಯೆ.

ಇವತ್ತು ಎಲೆಯನ್ನು ಅಂಗೈಯಲ್ಲಿಟ್ಟು ನೋಡಿದೆ, ನೀರಿಲ್ಲದೆ ಸುಕ್ಕುಗಟ್ಟಿತ್ತು. ಪೊರಕೆ ಗೋಡೆಗೆ ಒರಗಿಸಿ ಒಳಗೆ ಹೋದೆ. ಹಿತ್ತಾಳೆ ಚೊಂಬಿನ ತುಂಬ ನೀರು ತಂದೆ. ಅವನ ಹಾಗೆ ಮೊಳದೆತ್ತರಕ್ಕೆ ಹಿಡಿದು ಬಗ್ಗಿಸಿದೆ, ಒಂದು ತೊಟ್ಟೂ ಉಳಿಸಲಿಲ್ಲ. ಇನ್ನು ಕೆಲವು ದಿನಕ್ಕೆ ಬುಡ ಮೆತ್ತಗಾಗುತ್ತದೆ, ನನಗೆ ಗೊತ್ತು. ಈ ಸಲ ತುದಿ ಕತ್ತರಿಸಿ ಇಟ್ಟುಕೊಳ್ಳುವುದಿಲ್ಲ.

ಸೊಂಟ ಹಿಡಿದುಕೊಂಡು ಬಗ್ಗಿ ಕಿವಿ ಕೊಟ್ಟೆ. ಗುಳುಗುಳು ಎನ್ನುತ್ತಿತ್ತು. ಉಸಿರು ಬಿಡದೆ ಕುಡಿಯುತ್ತಿತ್ತು.