ಗವಿಯ ಬಾಣಂತಿಯರು

ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಈಗ ಬರೆಯಲು ಕೂತಿರುವುದು ಬರೀ ಸಂತೋಷಕ್ಕೆ. ಮಗಳ ಚೊಚ್ಚಲ ಹೆರಿಗೆ, ಹೆಣ್ಣುಕೂಸು. ರೊಟ್ಟಿ ಬಡಿಯುವಾಗಲೂ ನನಗೆ ಆ ಕೂಸಿನದೇ ಧ್ಯಾನ. ಐದು ತಿಂಗಳ ಬಾಣಂತನ ನನ್ನ ಮನೆಯಲ್ಲೇ ಎಂದು ಮಾತಾಗಿತ್ತು. ಐದು ತಿಂಗಳು ಆ ಮುಖ ನೋಡಬಹುದಲ್ಲ.

ನಮ್ಮ ಮನೆ ಗಂಗಾವತಿ ಕಡೆ, ಗದ್ದೆ ಮುಗಿದು ಗುಡ್ಡ ಶುರುವಾಗುವಲ್ಲಿದೆ. ಹೊತ್ತು ಮುಳುಗುವಾಗ ಗುಡ್ಡದ ಗವಿಯಿಂದ ಬಾವಲಿಗಳು ಹೊರಬಿದ್ದು, ಅಂಗಳದ ಮೇಲೆ ಸುತ್ತಿ, ಗದ್ದೆಯ ಸೊಳ್ಳೆ, ಹುಳ ಹಿಡಿದು ತಿನ್ನುತ್ತವೆ. ನಮಗದು ದಿನದ ಮಾತು. ಕುಷ್ಟಗಿಯಿಂದ ಕೂಸು ನೋಡಲು ಬಂದ ಬೀಗತಿಗೆ, ಅಂದರೆ ಮಗಳ ಅತ್ತೆಗೆ, ಹಾಗಿರಲಿಲ್ಲ. ಒಂದು ಬಾವಲಿ ಪಡಸಾಲೆಗೆ ಬಂದು ತೊಟ್ಟಿಲ ಮೇಲೆ ಹಾದುಹೋಯಿತು.

“ಕೂಸಿನ ಮ್ಯಾಲೆ ಇದರ ನೆಳ್ಳು ಬೀಳಬಾರದ್ರಿ ಬೀಗತೇರ. ನಾಳೆ ಇವನ್ನ ಓಡಸ್ರಿ. ಇಲ್ಲಾಂದ್ರ ತಾಯಿ-ಮಗಳನ್ನ ನಾ ಕರಕೊಂಡು ಹೊಂಟೆ.”

“ಸೊಳ್ಳಿ ತಿಂತಾವ್ರಿ ಅವು.”

“ಸೊಳ್ಳಿಗೆ ನಾ ಪರದಾ ಕೊಡಸ್ತೀನಿ, ಬಿಡ್ರಿ.”

ಮರುದಿನ ಮಧ್ಯಾಹ್ನ ಬೇವಿನ ಸೊಪ್ಪು, ಒಣಮೆಣಸಿನಕಾಯಿ ಬುಟ್ಟಿಯಲ್ಲಿಟ್ಟುಕೊಂಡು ಇಬ್ಬರೂ ಗವಿಗೆ ಹೋದೆವು. ಖಾರದ ಹೊಗೆಗೆ ಬಾವಲಿ ನಿಲ್ಲುವುದಿಲ್ಲ. ನನಗೆ ಮನಸ್ಸಿರಲಿಲ್ಲ, ಆದರೆ ಕೂಸೇ ಹೋದರೆ ಏನು ಮಾಡಲಿ ಎಂದು ಬುಟ್ಟಿ ಹೊತ್ತು ಹಿಂದೆ ನಡೆದೆ.

ಬೀಗತಿ ಒಳಗೆ ಬಗ್ಗಿ ಮೊಬೈಲ್ ಬೆಳಕನ್ನು ಮೇಲಕ್ಕೆ ಹಿಡಿದವರು ಹಾಗೇ ನಿಂತರು. ತಲೆಕೆಳಗಾಗಿ ಜೋತ ಒಂದೊಂದು ಬಾವಲಿಯ ಎದೆಗೂ ಕೂದಲಿಲ್ಲದ, ಹೆಬ್ಬೆರಳಿನಷ್ಟು ಮರಿ ಅಪ್ಪಿಕೊಂಡಿತ್ತು. ಬೆಳಕು ಬಿದ್ದದ್ದೇ ಒಂದು ತಾಯಿ ರೆಕ್ಕೆಯನ್ನು ಸೆರಗಿನ ಹಾಗೆ ಎಳೆದು ತನ್ನದನ್ನು ಮುಚ್ಚಿಕೊಂಡಿತು.

ಬೀಗತಿ ಬೆಳಕು ಆರಿಸಿದರು.

“ಎಲ್ಲಾರೂ ಬಾಣಂತೇರ ಅದಾರಲ್ರಿ. ಒಂದೂ ಗಂಡು ಕಾಣವಲ್ದು.”

“ತವರಮನಿಗೆ ಬಂದಿರಬೇಕ್ರಿ,” ಎಂದೆ.

ಅವರಿಗೆ ನಗು ತಡೆಯಲಾಗಲಿಲ್ಲ. “ಭಾಳ ಶಾಣ್ಯಾ ಅದೀರಿ. ಬಾಣಂತಿ ಇದ್ದಲ್ಲಿ ಮೆಣಸಿನಕಾಯಿ ಹೊಗಿ ಹಾಕಿದ್ರ ಯಾವ ದೇವರು ಮೆಚ್ಚತಾನ? ನಡ್ರಿ ಮನಿಗೆ.”

ಮೆಣಸಿನಕಾಯಿ ಚಟ್ನಿಗಾಯಿತು, ಬೇವಿನ ಸೊಪ್ಪು ಬಾಣಂತಿಯ ಸ್ನಾನದ ನೀರಿಗೆ ಬಿತ್ತು. ಸಂಜೆಯಾಗುವ ಮೊದಲೇ ಬೀಗತಿ ತಾವೇ ತೊಟ್ಟಿಲನ್ನು ಒಳಕೋಣೆಗೆ ಸರಿಸಿ, ಕಿಟಕಿಗೆ ನನ್ನ ಹಳೆಯ ಸೀರೆ ಕಟ್ಟಿದರು. ಮರುದಿನ ಬಸ್ಸು ಹತ್ತುವಾಗ, “ಐದು ತಿಂಗಳ ಮ್ಯಾಲೆ ಒಂದ ದಿನಾನೂ ಬಿಡಂಗಿಲ್ಲ, ನೋಡ್ರಿ,” ಎಂದರು.

ಬಸ್ಸು ತಿರುಗುವ ತನಕವೂ ನಾನು ಕಾಯಲಿಲ್ಲ. ಈ ವಯಸ್ಸಿನಲ್ಲೂ ಓಡುತ್ತಲೇ ಮನೆಗೆ ಬಂದೆ. ಕೂಸಿಗೆ ನೀರೆರೆಯುವ ಹೊತ್ತಾಗಿತ್ತು.